ಏಳಲು ಹೋಗಿ ಮತ್ತೆ ಕುಸಿಯುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಿಸುವ ಮುನ್ನ



ಈ ಪುಟದಲ್ಲಿ ಕೆಚ್ಚಲು ಬಾವು, ಬಂಜೆತನ, ಹಸಿರು ಮೇವು, ಖನಿಜ ಮಿಶ್ರಣ ಇವುಗಳ ಬಗ್ಗೆ ಓದಿ ರೂಢಿಯಿರುವ ತಮಗೆ ಈ ಬಾರಿಯ ಶೀರ್ಷಿಕೆ ಕಂಡು ಆಶ್ಚರ್ಯವಾಗಬಹುದು. ಪಶುವೈದ್ಯನಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಂದದ್ದು ಒಂದು ಗಬ್ಬದ ಹಸುವಿನ ಮೂಲಕ.

ಅಕ್ಟೋಬರ್ ತಿಂಗಳ ಮೂರನೆಯ ವಾರದಲ್ಲಿ ನಮ್ಮ ಸದಸ್ಯೆಯೊಬ್ಬರ ಮನೆಗೆ ಹೋಗಿದ್ದೆ. ಅವರ ಮಿಶ್ರತಳಿ ಹಸು ಗಬ್ಬವಾಗಿದ್ದರೂ ಎರಡು ಹೊತ್ತು ಸೇರಿ ಐದು ಲೀಟರ್ ಹಾಲು ಕೊಡುತ್ತಿತ್ತು. ಯಾವಾಗ ಹಾಲು ಬತ್ತಿಸಬೇಕು ಎಂಬುದು ಅವರ ಪ್ರಶ್ನೆ. ಕರು ಹಾಕುವುದಕ್ಕೆ ಸುಮಾರು 60 ದಿನ ಮೊದಲು ಹಾಲು ಕರೆಯುವುದನ್ನು ನಿಲ್ಲಿಸಬೇಕೆಂದು ತಮಗೆಲ್ಲ ತಿಳಿದಿದೆ. ಆದರೆ ಕರು ಹಾಕುವ ದಿನ ಗೊತ್ತಾಗಲು ಕೃತಕ ಗರ್ಭಧಾರಣೆ ಮಾಡಿಸಿದ ತಾರೀಕು ಬೇಕು. ಕೈ ಹಾಕಿ ನೋಡಿ ಏಳು ತಿಂಗಳ ಆಸುಪಾಸು ಎಂದು ಹೇಳಬಹುದೇ ಹೊರತು ದಿನ ಹೇಳಲು ಬರುವುದಿಲ್ಲ. ಹೊರಗಿನವರಿಂದ ಮಾಡಿಸಿದ್ದರಿಂದ ಸಂಘದ ರಿಜಿಸ್ಟರಿನಲ್ಲಿ ಆ ತಾರೀಕು ಇರಲಿಲ್ಲ.

“ಎಲ್ಲಾ ಮಗಳು ಕಂಪ್ಯೂಟರಲ್ಲಿ ಬರ್ದಿಟ್ಟವ್ಳೆ ಡಾಕ್ಟ್ರೇ. ಅದು ಈಗ ಏಳ್ತಾನೇ ಇಲ್ಲ” ಎಂದರು ಆ ತಾಯಿ.

ಒಳಗೆ ಹೋಗಿ ನೋಡಿದೆ. ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಕಂಪನಿಯ ಹೆಸರು ಬರುತ್ತದೆ, ವಿಂಡೋಸಿನ ಚಿತ್ರದ ಕೆಳಗೆ ಚುಕ್ಕಿಗಳು ಎರಡು ಸುತ್ತು ಹಾಕುತ್ತವೆ. ಅಷ್ಟರಲ್ಲಿ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು. ಬಿಟ್ಟರೆ ಸಂಜೆಯವರೆಗೂ ಹೀಗೆಯೇ. ಪಟ್ಟಣದ ಅಂಗಡಿಯವರು ಫೋನಿನಲ್ಲಿಯೇ ಕೇಳಿ, “ಫಾರ್ಮ್ಯಾಟ್ ಮಾಡಬೇಕು, ತಂದುಬಿಡಿ” ಎಂದಿದ್ದರಂತೆ. ಐದು ವರ್ಷದ ರಾಸುಗಳ ಲೆಕ್ಕ, ಹಾಲಿನ ಪಾವತಿ, ಹುಡುಗಿಯ ಕಾಲೇಜಿನ ಬರವಣಿಗೆ ಎಲ್ಲವೂ ಅದರೊಳಗೇ ಇತ್ತು. ಬೇರೆ ಪ್ರತಿ ಇರಲಿಲ್ಲ.

ಸ್ವಲ್ಪ ತಾಳಿ ಎಂದೆ. ಅದಕ್ಕೆ ಕಾರಣವಿತ್ತು. 2016ರಲ್ಲಿ ನನ್ನ ಮನೆಯ ಕಂಪ್ಯೂಟರಿಗೂ ಇದೇ ರೋಗ ಬಂದಿತ್ತು. ಅಂಗಡಿಗೆ ಕೊಟ್ಟೆ, ಫಾರ್ಮ್ಯಾಟ್ ಮಾಡಿದರು. ತೀರಿಕೊಂಡ ನನ್ನ ತಂದೆಯವರ ಕೊನೆಯ ಎರಡು ವರ್ಷದ ಫೋಟೋಗಳು ಅದರಲ್ಲಿದ್ದವು, ಹೋದವು. ಮೂರನೆಯ ದಿನ ಕಂಪ್ಯೂಟರ್ ಮತ್ತೆ ರೀಸ್ಟಾರ್ಟ್ ಆಗತೊಡಗಿತು. ನಂತರ ಬೇರೊಬ್ಬರು ಬಿಚ್ಚಿ ನೋಡಿದಾಗ ತಿಳಿದದ್ದು, ಒಳಗಿನ ಫ್ಯಾನಿಗೆ ಧೂಳು ಮೆತ್ತಿ ಪ್ರೊಸೆಸರ್ ಕಾದು ಹೋಗುತ್ತಿತ್ತು ಎಂದು. ಒಂದು ಬ್ರಷ್ಷಿನಲ್ಲಿ ಮುಗಿಯುವ ಕೆಲಸಕ್ಕೆ ಫೋಟೋಗಳನ್ನು ಕಳೆದುಕೊಂಡಿದ್ದೆ. ಆ ಮೇಲೆ ಹಟಕ್ಕೆ ಬಿದ್ದು ಈ ವಿಷಯವನ್ನು ಅಷ್ಟಿಷ್ಟು ಕಲಿತೆ. ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ; ಆದರೆ ರೋಗ ಪತ್ತೆ ಮಾಡುವ ಕ್ರಮ ಎರಡಕ್ಕೂ ಒಂದೇ ಎಂದು ಕಂಡುಕೊಂಡಿದ್ದೇನೆ.

ಯಾವ ಹಂತದಲ್ಲಿ ಬೀಳುತ್ತದೆ?

ಮಲಗಿದ ಹಸು ಏಳುವುದನ್ನು ತಾವು ದಿನವೂ ನೋಡುತ್ತೀರಿ. ಮೊದಲು ಹಿಂಭಾಗವನ್ನು ಎತ್ತುತ್ತದೆ, ಕ್ಷಣಕಾಲ ಮುಂಗಾಲಿನ ಮಂಡಿಯ ಮೇಲೆ ನಿಲ್ಲುತ್ತದೆ, ಬಳಿಕ ಒಂದೊಂದಾಗಿ ಮುಂಗಾಲು ಊರಿ ಏಳುತ್ತದೆ. ಕರು ಹಾಕಿದ ಹಸು ಏಳಲಾರದೆ ಬಿದ್ದಾಗ ನಾವು ಮೊದಲು ನೋಡುವುದು ಯಾವ ಹಂತದಲ್ಲಿ ಸೋಲುತ್ತದೆ ಎಂದು. ಏಳುವ ಪ್ರಯತ್ನವನ್ನೇ ಮಾಡದೆ ಕತ್ತು ಮಡಚಿ ಮಂಕಾಗಿ ಮಲಗಿದ್ದರೆ ಹಾಲು ಜ್ವರದ ಅನುಮಾನ, ಕ್ಯಾಲ್ಸಿಯಂ ಕೊಡುತ್ತೇವೆ. ಚುರುಕಾಗಿದ್ದು, ಮೇವು ತಿನ್ನುತ್ತಾ, ಹಿಂಗಾಲು ಮಾತ್ರ ಎತ್ತಲಾಗದಿದ್ದರೆ ನರಕ್ಕೋ ಸ್ನಾಯುವಿಗೋ ಪೆಟ್ಟಾಗಿರಬಹುದು, ಅದಕ್ಕೆ ಎಷ್ಟು ಬಾಟಲಿ ಕ್ಯಾಲ್ಸಿಯಂ ಏರಿಸಿದರೂ ಪ್ರಯೋಜನವಿಲ್ಲ.

ಕಂಪ್ಯೂಟರ್ ಏಳುವುದೂ ಹಂತ ಹಂತವಾಗಿಯೇ. ಬಟನ್ ಒತ್ತಿದೊಡನೆ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಗೋಡೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಮದರ್‌ಬೋರ್ಡಿಗೆ ಕೊಡುತ್ತದೆ. ಅನಂತರ ಬಯಾಸ್ ಎಂಬ ಚಿಕ್ಕ ಕಾರ್ಯಕ್ರಮ ಎಚ್ಚೆತ್ತು ಮೆಮೊರಿ, ಕೀಬೋರ್ಡ್, ಡಿಸ್ಕ್ ಇವೆಲ್ಲ ಇವೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕಂಪನಿಯ ಹೆಸರು ಕಾಣುವುದು ಆಗ. ಎಲ್ಲ ಸರಿಯಿದ್ದರೆ ಡಿಸ್ಕಿನಿಂದ ವಿಂಡೋಸನ್ನು ಎತ್ತಿ ಮೆಮೊರಿಗೆ ತುಂಬುತ್ತದೆ. ಚುಕ್ಕಿಗಳು ಸುತ್ತುವುದು ಆಗ. ಕೊನೆಗೆ ನಮ್ಮ ಹೆಸರು, ಪಾಸ್‌ವರ್ಡ್. ಆದ್ದರಿಂದ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದೆ ಎಂದಷ್ಟೇ ಹೇಳಿದರೆ ಸಾಲದು. ಎಲ್ಲಿಯವರೆಗೆ ಬಂದು ಬೀಳುತ್ತದೆ, ಎಷ್ಟು ಸೆಕೆಂಡಿಗೆ, ಪ್ರತಿ ಬಾರಿಯೂ ಅಲ್ಲಿಯೇ ಬೀಳುತ್ತದೆಯೇ ಎಂಬುದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಜೊತೆಗೆ ಹಿನ್ನೆಲೆ ಕೇಳಬೇಕು. ಯಾವಾಗಿನಿಂದ? ಅದಕ್ಕೆ ಮುಂಚೆ ಏನು ಬದಲಾಯಿತು? ಆ ಮನೆಯಲ್ಲಿ ಕೇಳಿದಾಗ “ಏನೂ ಹೊಸದು ಹಾಕಿಸಿಲ್ಲ ಸಾರ್” ಎಂದರು. ಈ ಉತ್ತರ ನನಗೆ ಹೊಸದಲ್ಲ. ಹೊಟ್ಟೆ ಉಬ್ಬರಿಸಿದ ಹಸುವಿನ ಮನೆಯಲ್ಲಿ ಮೇವು ಬದಲಿಸಿದಿರಾ ಎಂದರೆ ಇಲ್ಲ ಎನ್ನುತ್ತಾರೆ. ಅರ್ಧ ಗಂಟೆಯ ನಂತರ, ಮದುವೆ ಮನೆಯಲ್ಲಿ ಮಿಕ್ಕ ಅನ್ನ ಒಂದು ಕುಕ್ಕೆ ಹಾಕಿದ್ದು ಹೊರಬರುತ್ತದೆ. ಇಲ್ಲಿಯೂ ಹಾಗೆಯೇ ಆಯಿತು, ಮುಂದೆ ಹೇಳುತ್ತೇನೆ.

ಮೊದಲು ಕರೆಂಟು

ಹಳ್ಳಿಯ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕರೆಂಟನ್ನೇ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ನೀರಿನ ಮೋಟಾರು ಶುರುವಾಗುವ ಕ್ಷಣದಲ್ಲಿ ಬಲ್ಬು ಮಂಕಾಗುವುದನ್ನು ತಾವು ಕಂಡಿರುತ್ತೀರಿ. ಆ ಅರೆಕ್ಷಣದ ಕುಸಿತವನ್ನು ಬಲ್ಬು ತಡೆದುಕೊಳ್ಳುತ್ತದೆ, ಹಳೆಯ ಅಥವಾ ಅಗ್ಗದ ಎಸ್‌ಎಂಪಿಎಸ್ ತಡೆದುಕೊಳ್ಳದೆ ಕಂಪ್ಯೂಟರನ್ನು ಬೀಳಿಸಿಬಿಡುತ್ತದೆ. ಮೋಟಾರುಗಳೆಲ್ಲ ನಿಂತಿರುವಾಗ ಒಮ್ಮೆ, ಬೇರೆ ಕೋಣೆಯ ಪ್ಲಗ್ಗಿನಿಂದ ಒಮ್ಮೆ ಹಾಕಿ ನೋಡಿ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕಂಪ್ಯೂಟರ್ ಎಲ್ಲವನ್ನೂ ಸಿಕ್ಕಿಸುವುದು ಬೇಡವೇ ಬೇಡ. ಯುಪಿಎಸ್ ಇದ್ದರೆ ಅದನ್ನೂ ಬಿಟ್ಟು ನೇರವಾಗಿ ಹಾಕಿ ನೋಡಿ, ಬ್ಯಾಟರಿ ಸತ್ತ ಯುಪಿಎಸ್ ಕೂಡ ಇದೇ ಆಟ ಆಡಿಸುತ್ತದೆ.

ಅನಂತರ ಪ್ರಿಂಟರ್, ಪೆನ್‌ಡ್ರೈವ್, ಹೊರಗಿನ ಡಿಸ್ಕ್ ಎಲ್ಲವನ್ನೂ ಕಿತ್ತು ಕೀಬೋರ್ಡ್, ಮೌಸ್, ಪರದೆ ಮಾತ್ರ ಉಳಿಸಿ. ಪೆಟ್ಟಿಗೆಯ ಮುಂದಿನ ರೀಸೆಟ್ ಬಟನ್ ಒಳಗೇ ಸಿಕ್ಕಿಕೊಂಡಿದೆಯೇ ಎಂದು ಬೆರಳಿನಿಂದ ಒತ್ತಿ ಬಿಟ್ಟು ನೋಡಿ. ನಗಬೇಡಿ, ಇಷ್ಟಕ್ಕೇ ಸರಿಹೋದದ್ದೂ ಉಂಟು.

ಬಯಾಸ್ ಪುಟದ ಪರೀಕ್ಷೆ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬಟನ್ ಒತ್ತಿದೊಡನೆ ಡಿಲೀಟ್ ಅಥವಾ ಎಫ್ 2 ಕೀಲಿಯನ್ನು (ಕಂಪನಿಯಿಂದ ಕಂಪನಿಗೆ ಬೇರೆ, ಪರದೆಯ ಕೆಳಗೆ ಬರೆದಿರುತ್ತದೆ) ಪದೇ ಪದೇ ಒತ್ತಿದರೆ ಬಯಾಸ್ ಪುಟ ತೆರೆಯುತ್ತದೆ. ಏನನ್ನೂ ಬದಲಿಸದೆ ಹದಿನೈದು ಇಪ್ಪತ್ತು ನಿಮಿಷ ಹಾಗೆಯೇ ಬಿಡಿ. ಈ ಹೊತ್ತಿನಲ್ಲಿ ವಿಂಡೋಸ್ ಶುರುವಾಗಿಯೇ ಇರುವುದಿಲ್ಲ. ಆದ್ದರಿಂದ ಇಲ್ಲಿಯೂ ತಾನೇ ರೀಸ್ಟಾರ್ಟ್ ಆದರೆ ದೋಷ ವಿಂಡೋಸಿನದಲ್ಲ, ಯಂತ್ರದ ಭಾಗಗಳದ್ದು. ಅಂತಹ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವುದೆಂದರೆ ಕಾಲು ಮುರಿದ ಎತ್ತಿಗೆ ಜಂತುಹುಳುವಿನ ಔಷಧ ಕುಡಿಸಿದಂತೆ. ನನ್ನ ಕಂಪ್ಯೂಟರಿಗೆ ಆದದ್ದು ಅದೇ.

ಬಯಾಸಿನಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂದೋ ಪಿಸಿ ಹೆಲ್ತ್ ಎಂದೋ ಒಂದು ಪುಟವಿರುತ್ತದೆ. ಅಲ್ಲಿ ಪ್ರೊಸೆಸರಿನ ಶಾಖ ನೋಡಬಹುದು. ಹಸುವಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಸಹಜ ಎನ್ನುತ್ತೇವಲ್ಲ, ಹಾಗೆ ಈ ಪುಟದಲ್ಲಿ 40ರಿಂದ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಿಂತೆಯಿಲ್ಲ. ನೋಡನೋಡುತ್ತಿದ್ದಂತೆ ಏರುತ್ತಾ 90ರತ್ತ ಹೋದರೆ ಫ್ಯಾನನ್ನು ನೋಡಬೇಕು. ದನದ ಕೊಟ್ಟಿಗೆಗೆ ಹೊಂದಿಕೊಂಡ ಮನೆಗಳಲ್ಲಿ ಹೊಟ್ಟಿನ ಧೂಳು, ಒಲೆಯ ಹೊಗೆಯ ಜಿಡ್ಡು ಸೇರಿ ಫ್ಯಾನಿನ ಕೆಳಗೆ ಕಂಬಳಿಯಂತೆ ಕೂತಿರುತ್ತದೆ. ಜಿರಳೆ, ಇರುವೆ, ಹಲ್ಲಿಯ ಮೊಟ್ಟೆ ಕೂಡ ಕಂಡಿದ್ದೇನೆ.

ಬಯಾಸಿನಲ್ಲಿ ಅಲುಗದೆ ನಿಂತರೆ ಯಂತ್ರದ ಭಾಗಗಳು ಪೂರ್ತಿ ನಿರಪರಾಧಿಗಳೇನೂ ಅಲ್ಲ. ವಿಂಡೋಸ್ ತುಂಬುವಾಗ ಕೆಲಸದ ಹೊರೆ ಹೆಚ್ಚುವುದರಿಂದ ಬಲಹೀನ ಎಸ್‌ಎಂಪಿಎಸ್, ಕೆಟ್ಟ ಮೆಮೊರಿ ಆಗಲೇ ಕೈಕೊಡಬಹುದು. ಆದರೂ ಅನುಮಾನದ ತೂಕ ವಿಂಡೋಸ್ ಮತ್ತು ಡಿಸ್ಕಿನ ಕಡೆಗೆ ವಾಲುತ್ತದೆ.

ವಿಂಡೋಸ್ ಮುಚ್ಚಿಡುವ ಮಾತು

ವಿಂಡೋಸಿಗೆ ಸಹಿಸಲಾಗದ ತಪ್ಪು ಎದುರಾದಾಗ ಅದು ನೀಲಿ ಪರದೆಯ ಮೇಲೆ (ವಿಂಡೋಸ್ 11ರಲ್ಲಿ 2025ರಿಂದ ಕಪ್ಪು ಪರದೆ) ತಪ್ಪಿನ ಹೆಸರನ್ನು ಬರೆಯುತ್ತದೆ. ಆದರೆ ಬರೆದ ಮರುಕ್ಷಣವೇ ತಾನಾಗಿ ರೀಸ್ಟಾರ್ಟ್ ಆಗುವಂತೆ ಅದನ್ನು ಮೊದಲೇ ಹೊಂದಿಸಿರುತ್ತಾರೆ. ನಮಗೆ ಓದಲು ಪುರುಸೊತ್ತು ಸಿಗುವುದಿಲ್ಲ. ಇದನ್ನು ನಿಲ್ಲಿಸುವ ಉಪಾಯವಿದೆ.

ವಿಂಡೋಸ್ 10 ಅಥವಾ 11 ಆದರೆ, ಚುಕ್ಕಿಗಳು ಸುತ್ತುವಾಗ ಪವರ್ ಬಟನನ್ನು ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಬಾರಿ ಮಾಡಿದರೆ ಅದು ದುರಸ್ತಿಯ ಪುಟಕ್ಕೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟಿಂಗ್ಸ್, ರೀಸ್ಟಾರ್ಟ್ ಎಂದು ಒಂದಾದ ಮೇಲೊಂದು ಆರಿಸಿಕೊಂಡರೆ ಸಂಖ್ಯೆಗಳ ಪಟ್ಟಿ ಕಾಣುತ್ತದೆ. 9 ಒತ್ತಿದರೆ ತಪ್ಪಾದಾಗ ತಾನಾಗಿ ರೀಸ್ಟಾರ್ಟ್ ಆಗುವುದು ನಿಲ್ಲುತ್ತದೆ, ಪರದೆಯ ಮೇಲಿನ ಹೆಸರನ್ನು ಬರೆದುಕೊಳ್ಳಬಹುದು ಅಥವಾ ಮೊಬೈಲಿನಲ್ಲಿ ಫೋಟೋ ತೆಗೆಯಬಹುದು. 4 ಒತ್ತಿದರೆ ಸೇಫ್ ಮೋಡ್, ಅಂದರೆ ಅತ್ಯಗತ್ಯ ಭಾಗಗಳೊಂದಿಗೆ ಮಾತ್ರ ವಿಂಡೋಸ್ ಏಳುತ್ತದೆ. ಸೇಫ್ ಮೋಡಿನಲ್ಲಿ ಎದ್ದು ನಿಂತರೆ ದೋಷ ಬಹುತೇಕ ಈಚೆಗೆ ಸೇರಿದ ಯಾವುದೋ ಡ್ರೈವರ್, ಕಾರ್ಯಕ್ರಮ ಅಥವಾ ಅಪ್‌ಡೇಟಿನದು, ಅದನ್ನು ತೆಗೆದುಹಾಕಬಹುದು. ದುರಸ್ತಿ ಪುಟದಲ್ಲಿಯೇ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಸಿಸ್ಟಮ್ ರಿಸ್ಟೋರ್ ಎಂಬ ದಾರಿಗಳೂ ಇವೆ. ಇನ್ನೂ ವಿಂಡೋಸ್ 7 ಇಟ್ಟುಕೊಂಡಿರುವವರು ಶುರುವಿನಲ್ಲಿಯೇ ಎಫ್ 8 ಒತ್ತಿದರೆ ಸಾಕು. ಆದರೆ 9 ಒತ್ತಿದ ಮೇಲೂ ಒಂದಕ್ಷರವನ್ನೂ ತೋರಿಸದೆ ಥಟ್ಟನೆ ಕಪ್ಪಾದರೆ, ಕರೆಂಟು, ಶಾಖ, ಮದರ್‌ಬೋರ್ಡುಗಳ ಕಡೆಗೆ ಹಿಂದಿರುಗಬೇಕು.

ಒಂದು ತಪ್ಪು ಅಪ್‌ಡೇಟ್ ಎಷ್ಟು ಮಾಡಬಲ್ಲದು ಎಂಬುದಕ್ಕೆ 2024ರ ಜುಲೈ 19ರ ಘಟನೆ ತಮಗೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶದ ಒಂದು ಸಣ್ಣ ಕಡತದ ದೋಷದಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅವು ಯಾವುವಕ್ಕೂ ಫಾರ್ಮ್ಯಾಟ್ ಬೇಕಿರಲಿಲ್ಲ. ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಕಡತವನ್ನು ಅಳಿಸಿದರೆ ಸಾಕಾಗುತ್ತಿತ್ತು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೇ ರೀಸ್ಟಾರ್ಟ್ ಆಗುತ್ತಿದೆ, ಹೊಸದು ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಂಬಲ ಮುಗಿದರೆ ಸುರಕ್ಷತೆಯ ಅಪ್‌ಡೇಟುಗಳು ಬರುವುದಿಲ್ಲ, ಅದು ನಿಜ ಮತ್ತು ಗಂಭೀರ ವಿಷಯ. ಆದರೆ ಆ ಕಾರಣಕ್ಕೆ ಕಂಪ್ಯೂಟರ್ ಬೀಳುವುದಿಲ್ಲ.

ಆ ಮನೆಯಲ್ಲಿ ಆದದ್ದು

ಮೋಟಾರುಗಳನ್ನು ನಿಲ್ಲಿಸಿ, ಬೇರೆ ಪ್ಲಗ್ಗಿಗೆ ಹಾಕಿದೆವು, ಬದಲಾವಣೆಯಿಲ್ಲ. ಬಯಾಸ್ ಪುಟದಲ್ಲಿ ಒಂದು ಕಾಫಿ ಕುಡಿದು ಮುಗಿಸುವವರೆಗೂ ನಿಂತಿತ್ತು, ಶಾಖ 48 ಡಿಗ್ರಿ. ಸರಿ, ವಿಂಡೋಸಿನದೇ ದೋಷ ಎಂದುಕೊಂಡು ದುರಸ್ತಿಯ ಪುಟಕ್ಕೆ ಹೋದೆ. ಆ ಪುಟ ಬಂದು ಅರ್ಧ ನಿಮಿಷದಲ್ಲಿ ಅದೂ ಕುಸಿಯಿತು. ಇಲ್ಲಿ ನನಗೆ ಅನುಮಾನ ಬಂತು. ದುರಸ್ತಿಯ ಪುಟ ದಿನಬಳಕೆಯ ವಿಂಡೋಸಿಗಿಂತ ಪ್ರತ್ಯೇಕವಾದದ್ದು. ಎರಡೂ ಒಂದೇ ರೀತಿ ಬೀಳುತ್ತವೆ ಎಂದರೆ ಎರಡಕ್ಕೂ ಸಾಮಾನ್ಯವಾದ ಯಾವುದೋ ಭಾಗ ಕೆಟ್ಟಿರಬೇಕು. ಎರಡನ್ನೂ ತುಂಬುವುದು ರ್ಯಾಮ್ ಎಂಬ ಮೆಮೊರಿ ಪಟ್ಟಿಗೆ.

“ಒಳಗಡೆ ಯಾರಾದರೂ ಕೈ ಹಾಕಿದ್ದರೇನಮ್ಮಾ?” ಎಂದು ಹುಡುಗಿಯನ್ನು ಮತ್ತೊಮ್ಮೆ ಕೇಳಿದೆ.

ಅವಳು ತಾಯಿಯ ಮುಖ ನೋಡಿ, “ಗೌರಿ ಹಬ್ಬಕ್ಕೆ ಬಂದಾಗ ಮಾವ ಇನ್ನೊಂದು ರ್ಯಾಮ್ ಹಾಕಿದ್ರು ಸಾರ್, ಸ್ಪೀಡ್ ಆಗುತ್ತೆ ಅಂತ. ಒಂದು ತಿಂಗಳು ಚೆನ್ನಾಗೇ ಇತ್ತು” ಎಂದಳು.

ಮದುವೆ ಮನೆಯ ಅನ್ನ ಹೊರಬಂತು.

ಪ್ಲಗ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದ ಕರೆಂಟನ್ನು ಇಳಿಸಿದೆವು. ಪಕ್ಕದ ತಗಡು ಬಿಚ್ಚುವ ಮೊದಲು ಕೈ ಪೂರ್ತಿ ಒಣಗಿರಬೇಕು. ಕೊಟ್ಟಿಗೆಯಿಂದ ಬಂದ ಒದ್ದೆ ಕೈ ಸಲ್ಲದು. ಭಾಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಬೇಕು, ಮೈಯಲ್ಲಿನ ಸ್ಥಾಯೀ ವಿದ್ಯುತ್ತಿನಿಂದ ರ್ಯಾಮ್ ಕೆಡಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಒಳಗಿನ ಧೂಳನ್ನು ಒಣಗಿದ ಬಣ್ಣದ ಬ್ರಷ್ಷಿನಿಂದ, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ತೆಗೆಯಿರಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಮದರ್‌ಬೋರ್ಡಿನ ಮೇಲಿನ ಚಿಕ್ಕ ಕೊಳವೆಯಾಕಾರದ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ಕಂದು ರಸ ಒಸರಿದ್ದರೆ ಬೋರ್ಡು ಕೆಟ್ಟಂತೆ. ಸುಮಾರು 2000ದಿಂದ 2007ರ ನಡುವಿನ ಎಷ್ಟೋ ಬೋರ್ಡುಗಳು ಈ ದೋಷದಿಂದಲೇ ಹಾಳಾದವು.

ಇಲ್ಲಿ ಅದೇನೂ ಇರಲಿಲ್ಲ. ಎರಡು ರ್ಯಾಮ್ ಪಟ್ಟಿಗಳಿದ್ದವು. ಎರಡನ್ನೂ ತೆಗೆದು, ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಒರೆಸಿ, ಮೊದಲು ಹಬ್ಬಕ್ಕೆ ಹಾಕಿದ್ದನ್ನು ಮಾತ್ರ ಕೂರಿಸಿದೆವು. ಚುಕ್ಕಿ ಸುತ್ತಿತು, ಕುಸಿಯಿತು. ಅದನ್ನು ತೆಗೆದು, ಅದೇ ಜಾಗದಲ್ಲಿ ಹಳೆಯ ಪಟ್ಟಿಯನ್ನು ಕೂರಿಸಿದೆವು. ಚುಕ್ಕಿ ಸುತ್ತಿತು, ಸುತ್ತಿತು, ಹುಡುಗಿಯ ಹೆಸರು ಬಂತು. ಇಬ್ಬರೂ ಮಾತಾಡಲಿಲ್ಲ. ಜಾಗ ಒಂದೇ, ಪಟ್ಟಿ ಬದಲಾದಾಗ ರೋಗ ಹೋಯಿತು. ಆದ್ದರಿಂದ ದೋಷ ಜಾಗದ್ದಲ್ಲ, ಪಟ್ಟಿಯದು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು ಎನ್ನುವುದು ಇದಕ್ಕಾಗಿ. ಎರಡು ಮೂರು ಔಷಧ ಒಟ್ಟಿಗೆ ಕೊಟ್ಟರೆ ಯಾವುದರಿಂದ ಗುಣವಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಡಿಸ್ಕ್ ಅನುಮಾನವಿದ್ದರೆ

ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಬಯಾಸಿನ ಪಟ್ಟಿಯಲ್ಲಿ ಡಿಸ್ಕ್ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡುವುದನ್ನು ನಿಲ್ಲಿಸಿ. ಸಾಯುತ್ತಿರುವ ಡಿಸ್ಕಿಗೆ ಪ್ರತಿಯೊಂದು ಪ್ರಯತ್ನವೂ ಹೊರೆ. ದುರಸ್ತಿಗಿಂತ ಮೊದಲು ಒಳಗಿರುವುದನ್ನು ಹೊರತೆಗೆಯಬೇಕು. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ವಿಂಡೋಸ್ ಏಳದಿದ್ದರೂ ಕಡತಗಳನ್ನು ನಕಲು ಮಾಡಿಕೊಳ್ಳಲು ಸಾಧ್ಯ. ಈಚಿನ ಕೆಲವು ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿರುತ್ತದೆ, ಅದಕ್ಕೆ 48 ಅಂಕಿಗಳ ಕೀಲಿ ಬೇಕು. ಅದು ಸಾಮಾನ್ಯವಾಗಿ ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಕಂಪ್ಯೂಟರ್ ಸರಿಯಿರುವಾಗಲೇ ಬರೆದಿಟ್ಟುಕೊಳ್ಳುವುದು ಕ್ಷೇಮ.

ಅಂಗಡಿಗೆ ಒಯ್ಯಲೇಬೇಕಾದಾಗ “ನನ್ನ ಕಡತಗಳನ್ನು ಮೊದಲು ತೆಗೆದುಕೊಡಿ, ಕೇಳದೆ ಫಾರ್ಮ್ಯಾಟ್ ಮಾಡಬೇಡಿ” ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ತಾವು ಗುರುತು ಮಾಡಿಟ್ಟ ಕಾಗದವನ್ನೂ ಕೊಡಿ. ಒಳ್ಳೆಯ ಮೆಕ್ಯಾನಿಕ್ ಅದನ್ನು ಕಂಡು ಸಂತೋಷಪಡುತ್ತಾನೆ. ವಿಂಡೋಸನ್ನು ಹೊಸದಾಗಿ ಹಾಕಲೇಬೇಕಾಗಿ ಬಂದರೂ ರೀಸೆಟ್ ಪುಟದಲ್ಲಿ ಕೀಪ್ ಮೈ ಫೈಲ್ಸ್ ಎಂಬ ಆಯ್ಕೆಯಿದೆ, ರಿಮೂವ್ ಎವ್ರಿಥಿಂಗ್ ಎಂಬುದನ್ನು ಕಣ್ಣುಮುಚ್ಚಿ ಒತ್ತಬಾರದು.

ಆ ಹುಡುಗಿ ಮೊದಲು ಮಾಡಿದ ಕೆಲಸ, ನಾನು ಹೇಳುವ ಮುಂಚೆಯೇ, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿದ್ದು. ಆಮೇಲೆ ರಾಸುಗಳ ಪಟ್ಟಿ ತೆರೆದಳು. ಕೃತಕ ಗರ್ಭಧಾರಣೆ ಮಾಡಿಸಿದ್ದು ಮಾರ್ಚ್ 12. ಸುಮಾರು 280 ದಿನ ಕೂಡಿದರೆ ಡಿಸೆಂಬರ್ 17ರ ಆಸುಪಾಸಿಗೆ ಕರು. ಅಂದು ಅಕ್ಟೋಬರ್ 20, ಉಳಿದದ್ದು 58 ದಿನ.

“ಇವತ್ತು ಸಂಜೆಯಿಂದ ದಾಣಿ ನಿಲ್ಲಿಸಮ್ಮಾ, ನಾಳೆ ಕೊನೆಯ ಬಾರಿ ಪೂರ್ತಿ ಕರೆದುಬಿಡಿ. ಕೆಚ್ಚಲಿಗೆ ಹಾಕುವ ಔಷಧ ಕೊಟ್ಟು ಹೋಗ್ತೀನಿ” ಎಂದೆ. ಪುಸ್ತಕ ತರಿಸಿ ಆ ತಾರೀಕನ್ನು ಪೆನ್ನಿನಿಂದಲೂ ಬರೆಸಿದೆ.